ತುಲೂಸಿನ ಅಳಿಯ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಳೆನರಸೀಪುರದ ಹುಡುಗನೊಬ್ಬ ಕೆಲಸಕ್ಕೆಂದು ಫ್ರಾನ್ಸಿನ ತುಲೂಸ್‌ಗೆ ಹೋಗುತ್ತಾನೆ. ಅಲ್ಲಿನ ಹುಡುಗಿಯೊಬ್ಬಳನ್ನು ಇಷ್ಟಪಡುತ್ತಾನೆ. ಆಮೇಲೆ ಅವಳ ಅಮ್ಮನ ಕೈಗೆ ಸಿಕ್ಕಿಬೀಳುತ್ತಾನೆ. ಇದನ್ನಿಟ್ಟುಕೊಂಡು ಒಂದು ನಗೆ ಕಾದಂಬರಿ ಬರೆದೆ. ಬರೆದು ಮುಗಿಸಿದ ಮೇಲೆ ಸುಮ್ನೆ ಇರಬಹುದು ಅಂದುಕೊಂಡಿದ್ದೆ, ಆಗಲಿಲ್ಲ. ಪತ್ರ ಬಂತು, ಫೋನು ಬಂತು, ಮದುವೆ ಊಟಕ್ಕೆ ಹೋದರೆ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳಿದರು. ಹೇಳಿದ್ದನ್ನೇ ಹೇಳಿ ನನಗೇ ಬೇಜಾರಾದ್ದರಿಂದ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಪುಸ್ತಕ ಓದದವರು ಮೇಲಿನಿಂದ ಶುರು ಮಾಡಿ. ಕೊನೆಯ ಭಾಗದಲ್ಲಿ ಕತೆಯ ಅಂತ್ಯ ಬಿಟ್ಟುಕೊಟ್ಟಿದ್ದೇನೆ, ನೋಡಿಕೊಳ್ಳಿ.

## ಇನ್ನೂ ಓದದವರಿಗೆ

ಕತೆ ಏನು ಸಾರ್, ಎರಡೇ ಮಾತಲ್ಲಿ ಹೇಳಿ.

ಹರೀಶ ವಿಮಾನದ ಸಾಫ್ಟ್‌ವೇರ್ ಬರೆಯುವವನು. ಎರಡು ವರ್ಷಕ್ಕೆ ಅಂತ ಹೋದವನು ವಾಪಸ್ ಬರುವುದಿಲ್ಲ. ಕಾರಣ ಕಮೀಯ್ ಎಂಬ ಹುಡುಗಿ, ಶಾಲೆಯಲ್ಲಿ ಭೂಗೋಳ ಕಲಿಸುವವಳು. ಊರಲ್ಲಿ ಅವನ ಅಮ್ಮನಿಗೆ ಆ ಹೆಸರು ಬಾಯಿಗೆ ಬರುವುದಿಲ್ಲ, ಮೊದಲ ದಿನದಿಂದಲೇ ಅವಳನ್ನು ಕಮಲಿ ಮಾಡಿಬಿಡುತ್ತಾರೆ. ಆದರೆ ಕತೆಯನ್ನು ಎಳೆಯುವುದು ಇವರಿಬ್ಬರೂ ಅಲ್ಲ. ಹುಡುಗಿಯ ಅಮ್ಮ ಮೊನೀಕ್. ನಾನು ಮೊದಲು ಬರೆಯಲು ಕೂತಾಗ ಅವಳಿಗೆ ಒಂದೇ ಅಧ್ಯಾಯ ಇತ್ತು. ಬಂದವಳು ಹೋಗಲೇ ಇಲ್ಲ.

ಫ್ರಾನ್ಸ್ ಅಂದ್ರೆ ಪ್ಯಾರಿಸ್ ಅಲ್ವಾ? ಐಫೆಲ್ ಟವರ್ ಇಲ್ಲದ ಊರು ಯಾಕೆ ಹಾಕಿದಿರಿ?

ಪ್ಯಾರಿಸ್ಸಿನಲ್ಲಿ ಪರದೇಶಿಯವನು ಪ್ರೀತಿಯಲ್ಲಿ ಬೀಳುವ ಕತೆ ಬೇಕಾದಷ್ಟಿವೆ. ಅಲ್ಲಿ ಕಾಲಿಟ್ಟರೆ ಇನ್ನೊಂದು ಕತೆಯ ಮೇಲೆ ಬೀಳಬೇಕು, ಅಷ್ಟು ದಟ್ಟಣೆ. ತುಲೂಸ್ ಹಾಗಲ್ಲ. ಜನಸಂಖ್ಯೆಯಲ್ಲಿ ಪ್ಯಾರಿಸ್, ಮಾರ್ಸೇಯ್, ಲಿಯೊಂ ಬಿಟ್ಟರೆ ಅದೇ ನಾಲ್ಕನೆಯದು. ಹಳೇ ಊರೆಲ್ಲ ಇಟ್ಟಿಗೆ ಕಟ್ಟಡ, ಸಂಜೆ ಬಿಸಿಲಿಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಡುವೆ ಗರೋನ್ ನದಿ.

ಕರ್ನಾಟಕದವನನ್ನು ಅಲ್ಲಿ ಬಿಡಲು ನಿಜವಾದ ಕಾರಣವೂ ಇದೆ. ವಿಮಾನ ತಯಾರಿಸುವ ಏರ್‌ಬಸ್ಸಿನ ಮುಖ್ಯ ಕಚೇರಿ ಇರುವುದು ಅಲ್ಲಿ. ಅದರ ಎಂಜಿನಿಯರಿಂಗ್ ಕೇಂದ್ರವೊಂದು ಬೆಂಗಳೂರಿನಲ್ಲಿದೆ. 2005ರ ಏಪ್ರಿಲ್ 27ರಂದು ಅದರ ಎ380 ವಿಮಾನ ಮೊದಲ ಸಲ ಹಾರಿದ್ದೂ ತುಲೂಸ್‌ನಿಂದಲೇ. ಹೀಗಾಗಿ ಬೆಂಗಳೂರಿನ ಎಂಜಿನಿಯರುಗಳು ಆ ಊರಿಗೆ ಹೋಗಿ ಬರುವುದು ಮಾಮೂಲು. ಸೂಟ್‌ಕೇಸಿನಲ್ಲಿ ಪ್ರೆಶರ್ ಕುಕ್ಕರ್ ಇಟ್ಟುಕೊಂಡು ಬಂದಿಳಿಯುವ ಹರೀಶನನ್ನು ನಾನು ಎಲ್ಲಿಂದಲೋ ಹುಡುಕಿ ತರಬೇಕಾಗಿರಲಿಲ್ಲ.

ಇದು ನಿಮ್ಮದೇ ಕತೆನಾ?

ಅರ್ಧ. ಯಾವ ಅರ್ಧ ಅಂತ ಮನೆಯವಳಿಗೂ ಹೇಳಿಲ್ಲ.

ಫ್ರೆಂಚ್ ಬರದಿದ್ರೆ ಜೋಕು ಅರ್ಥ ಆಗುತ್ತಾ?

ಆಗುತ್ತದೆ. ಹರೀಶನಿಗೂ ಬರುತ್ತಿರಲಿಲ್ಲ. ಅವನು ಕಲಿತಷ್ಟು ಮಾತ್ರ ಓದುವವರಿಗೂ ಬಂದರೆ ಸಾಕು ಅಂತ ಲೆಕ್ಕ ಹಾಕಿ ಬರೆದಿದ್ದೇನೆ. ಮೊದಲ ಐವತ್ತು ಪುಟದಲ್ಲಿ ಇರುವುದು ಹನ್ನೆರಡು ಫ್ರೆಂಚ್ ಪದ, ಅದರಲ್ಲಿ ನಾಲ್ಕು ತಿಂಡಿಯ ಹೆಸರು.

ಅವರು ಸ್ನಾನ ಮಾಡಲ್ವಂತೆ, ನಿಜಾನಾ?

ಮಾಡ್ತಾರೆ. ಮುಂದಿನ ಪ್ರಶ್ನೆ.

## ಹೆಸರು, ನಂಬರು, ನಮಸ್ಕಾರ

ಬೇರೆ ಹೆಸರು ಸಿಗಲಿಲ್ವಾ? ಹರೀಶ ತುಂಬಾ ಹಳೇದಾಯ್ತು.

ಹೆಸರಿನ ಶುರುವಿನಲ್ಲಿ 'ಹ' ಬೇಕಿತ್ತು. ಫ್ರೆಂಚರು ಎಚ್ ಅಕ್ಷರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಅವರ ಬಾಯಲ್ಲಿ ಹರೀಶ ಅರೀಶ್ ಆಗುತ್ತಾನೆ. ಆಫೀಸಿನಲ್ಲಿ ಮೊದಲ ವಾರ ಅವನು ತಿದ್ದುತ್ತಾನೆ. ಎರಡನೇ ವಾರ ಅವನಿಗೆ ಅಜ್ಜಿ ನೆನಪಾಗುತ್ತಾಳೆ. ನಮ್ಮ ಕಡೆ ಹಳ್ಳಿಯಲ್ಲಿ ಹಾಲು 'ಆಲು', ಹಣ್ಣು 'ಅಣ್ಣು', ಹಾಸನ 'ಆಸನ' ಅಲ್ವಾ? ಅಜ್ಜಿ ಜೀವನಪೂರ್ತಿ ಅವನನ್ನು 'ಅರೀಸ' ಅಂತಲೇ ಕರೆದವಳು. ಇಂಗ್ಲಿಷ್ ಮೀಡಿಯಂ ಸೇರಿದ ಮೇಲೆ ಅವಳನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದ. ಈಗ ಸೂಟು ಹಾಕಿದ ಮ್ಯಾನೇಜರು ಅದೇ ರೀತಿ ಕರೆದರೆ 'ವಿ, ಮಸ್ಯೊ', ಅಂದರೆ ಹೌದು ಸಾರ್, ಅನ್ನುತ್ತಾನೆ.

ಮಜಾ ಇರುವುದು ಪೂರ್ತಿ ಹೆಸರಿನಲ್ಲಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಮುಗೀತು. ಎಚ್. ಆರ್. ಹರೀಶ ಅಂದರೆ ಹೊಳೆನರಸೀಪುರ ರಂಗೇಗೌಡ ಹರೀಶ. ಪರದೇಶಿಯವರಿಗೆ ಅಲ್ಲಿ ಇರಲು ಪರವಾನಗಿ ಕೊಡುವ ಸರ್ಕಾರಿ ಕಚೇರಿ ಪ್ರಿಫೆಕ್ಚರ್. ಅದರ ಫಾರ್ಮಿನಲ್ಲಿ ಇನಿಷಿಯಲ್ಲಿಗೆ ಜಾಗವಿಲ್ಲ. ಮನೆತನದ ಹೆಸರು ಅಂತ ಒಂದು ಡಬ್ಬಿ, ಸ್ವಂತ ಹೆಸರು ಅಂತ ಇನ್ನೊಂದು. ಪಾಸ್‌ಪೋರ್ಟ್ ಮಾಡಿಸುವಾಗ ಯಾರೋ ಊರನ್ನೇ ಮನೆತನ ಮಾಡಿದ್ದರಿಂದ ಅಲ್ಲಿ ಅವನು 'ಮಸ್ಯೊ ಹೊಳೆನರಸೀಪುರ'. ಅವರಿಗೆ ಹ ಇಲ್ಲ, ಳ ಅಂತೂ ಇಲ್ಲವೇ ಇಲ್ಲ. ಕೂಗಿದಾಗ ಕೇಳಿಸಿದ್ದು 'ಮಸ್ಯೊ ಒಲೆನರಸೀಪುರ'. ಹೇಮಾವತಿ ದಡದಲ್ಲಿ ಸಾವಿರ ಕಾಲ ತಣ್ಣಗೆ ಕೂತಿದ್ದ ಹೊಳೆಯ ನರಸಿಂಹನನ್ನು ಎತ್ತಿ ಒಲೆಯ ಮೇಲೆ ಕೂರಿಸಿದರು.

ಮದುವೆಯಾದರೆ ತಾನು ಈ ಹೆಸರು ಇಟ್ಟುಕೊಳ್ಳಬೇಕಾ ಅಂತ ಕಮೀಯ್ ಗಾಬರಿಯಾಗುವುದು ಸುಮ್ನೆ ತಮಾಷೆಗೆ. ಫ್ರೆಂಚ್ ಕಾನೂನಿನಲ್ಲಿ ಹೆಣ್ಣಿನ ಹೆಸರು ಹುಟ್ಟಿದ ಹೆಸರೇ. ಗಂಡನದನ್ನು ಬೇಕಿದ್ದರೆ ಬಳಸಬಹುದು, ಬಲವಂತವಿಲ್ಲ.

ಅವಳು ಕೊಟ್ಟ ಫೋನ್ ನಂಬರ್ ಬರೆದುಕೊಳ್ಳೋಕೆ ಅಷ್ಟು ಒದ್ದಾಡ್ತಾನಾ ಯಾರಾದ್ರೂ?

ನೀವೇ ನೋಡಿ. ಅಲ್ಲಿ ನಂಬರಿಗೆ ಹತ್ತು ಅಂಕಿ, ಎರಡೆರಡಾಗಿ ಜೋಡಿ ಮಾಡಿ ಹೇಳುತ್ತಾರೆ. ಎಪ್ಪತ್ತಕ್ಕೆ ಅವರ ಹೆಸರು 'ಅರವತ್ತು-ಹತ್ತು'. ಎಂಬತ್ತು ಅಂದರೆ 'ನಾಲ್ಕು ಇಪ್ಪತ್ತು'. ತೊಂಬತ್ತು 'ನಾಲ್ಕು ಇಪ್ಪತ್ತು-ಹತ್ತು'. ಈಗ 78 ಅಂತ ಅವಳು ಹೇಳಿದಳು. ಇವನ ಕಿವಿಗೆ ಬಿದ್ದಿದ್ದು ಅರವತ್ತು, ಹದಿನೆಂಟು. ಎರಡನ್ನೂ ಬರೆದ. 97 ಅಂದಳು. ನಾಲ್ಕು, ಇಪ್ಪತ್ತು, ಹದಿನೇಳು ಅಂತ ಬರೆದ. ಹತ್ತು ಅಂಕಿ ಇರಬೇಕಾದ ಚೀಟಿಯಲ್ಲಿ ಹದಿನೈದು ಅಂಕಿ. ಅವಳು ಆಗಲೇ ಮೆಟ್ರೊ ಮೆಟ್ಟಿಲು ಇಳಿದಿದ್ದಳು. ಪಕ್ಕದ ಬೆಲ್ಜಿಯಂನಲ್ಲಿ ಎಪ್ಪತ್ತಕ್ಕೂ ತೊಂಬತ್ತಕ್ಕೂ ಒಂದೊಂದು ನೆಟ್ಟಗಿನ ಪದ ಇದೆ. ಅಲ್ಲಿಯ ಹುಡುಗಿಯಾಗಿದ್ದರೆ ಎರಡನೇ ಅಧ್ಯಾಯವೇ ಇರುತ್ತಿರಲಿಲ್ಲ.

ಅಂಗಡಿಯವಳು ಅವನನ್ನು ಹಾಗೆ ಅವಮಾನ ಮಾಡಿದ್ದು ಜಾತಿ, ಬಣ್ಣ ನೋಡಿನಾ?

ಆ ಸೀನಿನಲ್ಲಿ ಅಲ್ಲ. ಅವನು 'ಬೊಂಜೂರ್', ಅಂದರೆ ನಮಸ್ಕಾರ, ಅನ್ನಲಿಲ್ಲ, ಅಷ್ಟೇ. ಹರೀಶ ಸೀದಾ ಹೋಗಿ 'ಹಾಲು ಎಲ್ಲಿದೆ?' ಅಂತ ಕೇಳುತ್ತಾನೆ. ಅವಳು ಉತ್ತರವಾಗಿ 'ಬೊಂಜೂರ್' ಅನ್ನುತ್ತಾಳೆ. ಇವನು ಮತ್ತೆ ಹಾಲು ಅನ್ನುತ್ತಾನೆ. ಅವಳು ಮತ್ತೆ, ಸ್ವಲ್ಪ ಜೋರಾಗಿ, 'ಬೊಂಜೂರ್'. ಅಲ್ಲಿ ಇದು ಬಾಗಿಲು ತಟ್ಟಿದ ಹಾಗೆ. ಅಂಗಡಿ, ಬಸ್ಸು, ಡಾಕ್ಟರ ಕಾಯುವ ಕೋಣೆ, ಎಲ್ಲಿ ಹೋದರೂ ಮೊದಲು ಅದು, ಆಮೇಲೆ ಉಳಿದದ್ದು. ನಮ್ಮಲ್ಲಿ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ನುಗ್ಗಿದವನನ್ನು ಅಜ್ಜಿ ಹೇಗೆ ನೋಡುತ್ತಾಳೋ, ಬೊಂಜೂರ್ ಹೇಳದವನನ್ನು ಅವರು ಹಾಗೆ ನೋಡುತ್ತಾರೆ. ಬಣ್ಣ ನೋಡುವವರೂ ಇದ್ದಾರೆ. ಅವರು ಮನೆ ಬಾಡಿಗೆಗೆ ಹುಡುಕುವ ಅಧ್ಯಾಯದಲ್ಲಿ ಬರುತ್ತಾರೆ. ಅಲ್ಲಿ ನಗು ಕಡಿಮೆ.

ಸಿಕ್ಕಸಿಕ್ಕವರಿಗೆಲ್ಲ ಮುತ್ತು ಕೊಡ್ತಾರಲ್ರೀ, ಅದೇನದು?

ಮುತ್ತಲ್ಲ. ಕೆನ್ನೆಗೆ ಕೆನ್ನೆ ತಾಗಿಸಿ ಗಾಳಿಯಲ್ಲಿ ಪುಚ್ ಅಂತ ಸದ್ದು. 'ಬೀಜ್' ಅಂತಾರೆ. ತುಲೂಸ್‌ನಲ್ಲಿ ಎರಡು, ಮೊಂಪೆಲಿಯೆ ಕಡೆ ಮೂರು. ಯಾವ ಕೆನ್ನೆ ಮೊದಲು ಅನ್ನುವುದೂ ಊರಿಂದೂರಿಗೆ ಬದಲು. ಮೊನೀಕ್ ಎಡಕ್ಕೆ ಬಂದಾಗ ಹರೀಶನೂ ಎಡಕ್ಕೆ ಹೋದ, ಮೂಗಿಗೆ ಮೂಗು ಡಿಕ್ಕಿಯಾಯಿತು. ಕೊರೋನಾ ಕಾಲದಲ್ಲಿ ಎಲ್ಲರೂ ಬಿಟ್ಟಿದ್ದರು, ಆಮೇಲೆ ಕೆಲವರು ವಾಪಸ್ ಶುರು ಮಾಡಿದರು, ಕೆಲವರು ಇಲ್ಲ. ಹೊಸಬರಿಗೆ ಈಗ ಗೊಂದಲ ಇನ್ನೂ ಜಾಸ್ತಿ.

## ಪ್ರೀತಿಯ ವಿಚಾರ

ಅವಳು ಪ್ರೀತಿಸ್ತೀನಿ ಅಂತ ಹೇಳಿದ ಮೇಲೂ ಅವನು ಯಾಕೆ ಅಳ್ತಾ ಕೂರ್ತಾನೆ? ಆ ಪುಟ ಎರಡು ಸಲ ಓದಿದೆ.

ತುಂಬಾ ಜನ ಕೇಳಿದ್ದಾರೆ. ಬಹುಶಃ ನಾನೇ ಸರಿಯಾಗಿ ಬಿಡಿಸಿಲ್ಲ.

'ಜ ತೆಮ್' ಅಂದರೆ ನಿನ್ನನ್ನು ಪ್ರೀತಿಸುತ್ತೇನೆ. 'ಬ್ಯಾಂ' ಅಂದರೆ ಚೆನ್ನಾಗಿ. ಹಾಗಾದರೆ 'ಜ ತೆಮ್ ಬ್ಯಾಂ' ಅಂದರೆ? ಚೆನ್ನಾಗಿ ಪ್ರೀತಿಸುತ್ತೇನೆ, ಇನ್ನೂ ಜಾಸ್ತಿ, ಅಂತ ತಾನೇ ಯಾರಾದರೂ ಲೆಕ್ಕ ಹಾಕುವುದು? ಉಲ್ಟಾ. ಆ ಒಂದು ಪದ ಸೇರಿದರೆ ಪ್ರೀತಿ ತೆಳ್ಳಗಾಗುತ್ತದೆ. 'ನೀನು ಒಳ್ಳೆಯವನು ಕಣೋ, ನನಗೆ ಇಷ್ಟ' ಅನ್ನುವ ಮಟ್ಟಕ್ಕೆ ಇಳಿಯುತ್ತದೆ. ಹಾಲಿಗೆ ನೀರು ಸೇರಿಸಿದ ಹಾಗೆ. ಹರೀಶ ಅದನ್ನು ಕೇಳಿ ಖುಷಿಯಲ್ಲಿ ಆಫೀಸಿಗೆಲ್ಲ ಸಿಹಿ ಹಂಚುತ್ತಾನೆ. ಯಾಕೆ ಅಂತ ಕೇಳಿದ ಸಹೋದ್ಯೋಗಿ ವ್ಯಾಕರಣ ಬಿಡಿಸಿ ಹೇಳುತ್ತಾನೆ. ಅಳುವುದು ಆಗ. ಸಿಹಿ ಡಬ್ಬಿ ಇನ್ನೂ ಅರ್ಧ ತುಂಬಿರುತ್ತದೆ.

ಇವನ ಕಡೆಯಿಂದಲೂ ತೊಂದರೆ ಇದೆ. 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಅಂತ ಕನ್ನಡದಲ್ಲಿ ಸಿನಿಮಾದ ಹೊರಗೆ ಯಾರು ಹೇಳಿದ್ದನ್ನು ಕೇಳಿದ್ದೀರಿ? ನಮ್ಮಲ್ಲಿ ಆ ಕೆಲಸವನ್ನು 'ಊಟ ಆಯ್ತಾ?' ಮಾಡುತ್ತದೆ. ಹರೀಶ ದಿನಕ್ಕೆ ಮೂರು ಸಲ ಅದನ್ನೇ ಫ್ರೆಂಚಿನಲ್ಲಿ ಮೆಸೇಜು ಮಾಡುತ್ತಾನೆ. ತಾನು ದಪ್ಪ ಆಗಿದ್ದೀನಾ, ಇವನು ಲೆಕ್ಕ ಇಡ್ತಿದ್ದಾನಾ ಅಂತ ಕಮೀಯ್‌ಗೆ ಅನುಮಾನ ಶುರುವಾಗುತ್ತದೆ.

'ನನ್ನ ಚಿಗಟ' ಅಂತ ಹೆಂಡತಿಯನ್ನ ಕರೀತಾರೆ ಅಂತ ಬರೆದಿದ್ದೀರಿ. ಅಚ್ಚಿನ ತಪ್ಪಾ?

ತಪ್ಪಲ್ಲ. 'ಮ ಪ್ಯುಸ್', ನನ್ನ ಚಿಗಟವೇ. ಮಕ್ಕಳಿಗೂ ಹಾಗೇ ಅನ್ನುತ್ತಾರೆ. 'ಮೊಂ ಶೂ' ಅಂದರೆ ನನ್ನ ಎಲೆಕೋಸು. ನಾವು ಬಂಗಾರ, ಚಿನ್ನ ಅಂತ ಅಕ್ಕಸಾಲಿ ಅಂಗಡಿಯಿಂದ ತರುತ್ತೇವೆ. ಅವರು ಹಿತ್ತಲಿನಿಂದ ತರುತ್ತಾರೆ.

## ಅತ್ತೆ ಮನೆ ಊಟ

ಸೋಮವಾರ ಮಾಂಸ ತಿನ್ನಲ್ಲ ಅನ್ನೋದು ಅವರಿಗೆ ಅರ್ಥ ಆಗುತ್ತಾ? ನಮ್ಮ ಸೊಸೆಗೇ ಅರ್ಥ ಆಗಲ್ಲ.

ಪುಸ್ತಕದಲ್ಲಿ ನಾನು ತುಂಬಾ ಖುಷಿಯಿಂದ ಬರೆದ ಅಧ್ಯಾಯ ಇದು.

ಸಸ್ಯಾಹಾರಿ ಅಂದರೆ ಅವರಿಗೆ ಗೊತ್ತು. ಮಾಂಸ ತಿನ್ನುವವನು ಅಂದರೂ ಗೊತ್ತು. ಆದರೆ ಹರೀಶ ಸೋಮವಾರ, ಶನಿವಾರ ಮುಟ್ಟುವುದಿಲ್ಲ, ಮಿಕ್ಕ ದಿನ ಬಿಡುವುದಿಲ್ಲ. ಈಸ್ಟರ್ ಮರುದಿನದ ಸೋಮವಾರ ಅಲ್ಲಿ ರಜೆ, ಮೊನೀಕ್ ಮನೆಯಲ್ಲಿ ದೊಡ್ಡ ಊಟ. ಮೇಜಿನ ಮೇಲೆ ಕಸೂಲೆ. ಅದು ಆ ಸೀಮೆಯ ಹೆಮ್ಮೆ: ಬಿಳಿ ಹುರುಳಿಕಾಯಿ ಬೀಜ, ತುಲೂಸ್ ಸಾಸೇಜು, ಬಾತುಕೋಳಿ, ಎಲ್ಲ ಮಣ್ಣಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೆಂದಿರುತ್ತದೆ. ಮೇಲೆ ಕಟ್ಟುವ ಕೆನೆಯಂಥ ಪದರವನ್ನು ಒಡೆದು ಒಡೆದು ಮತ್ತೆ ಒಲೆಗಿಡುತ್ತಾರೆ. ಮೂರು ಊರಿನವರು, ಕಾಸ್ತೆಲ್ನೊದರಿ, ಕಾರ್ಕಾಸೋನ್, ತುಲೂಸ್, ನಮ್ಮದೇ ಅಸಲಿ ಅಂತ ಇವತ್ತಿಗೂ ಜಗಳವಾಡುತ್ತಾರೆ. ಹರೀಶ ಕಾಳು ನೋಡಿ ಅವರೆಕಾಳು ಹುಳಿ ಅಂದುಕೊಂಡು ಸೌಟು ಹಾಕುತ್ತಾನೆ. ಬಾತುಕೋಳಿಯ ಕಾಲು ಮೇಲೆ ಬರುತ್ತದೆ.

'ಇವತ್ತು ಸೋಮವಾರ' ಅನ್ನುತ್ತಾನೆ. ಎಲ್ಲರೂ ಹೌದು, ಸೋಮವಾರ, ಅನ್ನುತ್ತಾರೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಲರ್ಜಿನಾ? ಡಾಕ್ಟರ್ ಹೇಳಿದ್ದಾ? ಶಿವನ ವಾರ ಅನ್ನುವುದನ್ನು ಫ್ರೆಂಚಿನಲ್ಲಿ ಹೇಗೆ ಹೇಳುವುದು ಅಂತ ಅವನು ಬೆವರುತ್ತಿರುವಾಗ ಮೂಲೆಯಲ್ಲಿದ್ದ ಮುದುಕಿ, ಮೊನೀಕಳ ಅಮ್ಮ, ಬಾಯಿ ತೆಗೆಯುತ್ತಾಳೆ. 'ಶುಕ್ರವಾರದ ಹಾಗೆ' ಅನ್ನುತ್ತಾಳೆ. ಅಷ್ಟೇ. ಕ್ಯಾಥಲಿಕ್ಕರಲ್ಲಿ ಶುಕ್ರವಾರ ಮಾಂಸ ಬಿಡುವ ಪದ್ಧತಿ ಇತ್ತು. ಈಗ ಪಾಲಿಸುವವರು ಕಡಿಮೆ, ಆದರೆ ಶಾಲೆಯ ಕ್ಯಾಂಟೀನುಗಳಲ್ಲಿ ಶುಕ್ರವಾರ ಮೀನು ಮಾಡುವ ರೂಢಿ ಇನ್ನೂ ಕಾಣುತ್ತದೆ. ಮುದುಕಿ ಎದ್ದು ಹೋಗಿ ಅವನಿಗೊಂದು ಆಮ್ಲೆಟ್ ಹಾಕಿಕೊಂಡು ಬರುತ್ತಾಳೆ.

ಈಗ ಹೊಸ ಪ್ರಶ್ನೆ: ಸೋಮವಾರ ಮೊಟ್ಟೆ ನಡೆಯುತ್ತಾ? ಈಸ್ಟರ್ ಸೋಮವಾರ ಆ ಸೀಮೆಯಲ್ಲಿ ಆಮ್ಲೆಟ್ಟಿನ ದಿನ. ತುಲೂಸ್ ಪಕ್ಕದ ಬೆಸಿಯೇರ್ ಎಂಬ ಊರಿನಲ್ಲಿ 15,000 ಮೊಟ್ಟೆ ಒಡೆದು ಒಂದೇ ಆಮ್ಲೆಟ್ ಮಾಡುತ್ತಾರೆ. ಹರೀಶ ಬಚ್ಚಲುಮನೆಗೆ ಹೋಗಿ ಅಮ್ಮನಿಗೆ ಫೋನು ಮಾಡುತ್ತಾನೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, 'ಯಾರು ಮಾಡಿದ್ದು?' ಅಂತ ಕೇಳುತ್ತಾರೆ. ಅಜ್ಜಿ ಅನ್ನುತ್ತಾನೆ. 'ತಿನ್ನು, ವಯಸ್ಸಾದವರು ಬೇಜಾರು ಮಾಡ್ಕೋತಾರೆ.'

ಚೀಸ್ ಕತ್ತರಿಸಿದ್ದಕ್ಕೆ ಅಷ್ಟೊಂದು ರಂಪನಾ?

ರಂಪ ಯಾರೂ ಮಾಡಲಿಲ್ಲ. ಎಲ್ಲರೂ ಸುಮ್ಮನಾದರು. ಅದೇ ಕಷ್ಟ.

ಬ್ರೀ ಅನ್ನುವುದು ದುಂಡಗಿನ ಚೀಸು, ಮಾರುವುದು ತ್ರಿಕೋನದ ತುಂಡಾಗಿ. ಚೂಪಾದ ತುದಿಯಲ್ಲೇ ರುಚಿ, ಅಂಚಿನಲ್ಲಿ ಬರೀ ಸಿಪ್ಪೆ. ಹಾಗಾಗಿ ಉದ್ದಕ್ಕೆ ಸೀಳಿಕೊಳ್ಳಬೇಕು, ಎಲ್ಲರಿಗೂ ಒಳ್ಳೆಯದೂ ಸಿಗಬೇಕು, ಸಿಪ್ಪೆಯೂ ಸಿಗಬೇಕು. ಚೂಪು ತುದಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಮೂಗು ಕೊಯ್ದ ಅಂತಾರೆ. ತಟ್ಟೆ ಮೊದಲು ಬಂದದ್ದು ಅತಿಥಿಗೆ. ಹರೀಶ ಮರ್ಯಾದೆಯಿಂದ, ಜಾಸ್ತಿ ತಗೋಬಾರದು ಅಂತ, ತುದಿಯ ಸಣ್ಣ ಚೂರನ್ನು ಕತ್ತರಿಸಿಕೊಂಡ.

ಇದಕ್ಕೆ ಜೋಡಿಯಾಗಿ ಇನ್ನೊಂದು ಸೀನ್ ಇದೆ, ಗಮನಿಸಿದಿರಾ ಗೊತ್ತಿಲ್ಲ. ಕಮೀಯ್ ಹೊಳೆನರಸೀಪುರಕ್ಕೆ ಬಂದಾಗ ಎಲೆಯಲ್ಲಿ ಊಟ ಮುಗಿಸಿ, ಎಲೆಯನ್ನು ಮೇಲಿನಿಂದ ತನ್ನ ಕಡೆಗೆ ಮಡಚುವ ಬದಲು ಕೆಳಗಿನಿಂದ ಆ ಕಡೆಗೆ ಮಡಚುತ್ತಾಳೆ. ಇಡೀ ಪಂಕ್ತಿ ಅದೇ ರೀತಿ ಸುಮ್ಮನಾಗುತ್ತದೆ.

ಶೊಕೊಲಾತೀನ್ ಜಗಳ ನೀವೇ ಕಟ್ಟಿದ್ದಾ?

ಕಟ್ಟಬೇಕಾದ ಕೆಲಸವೇ ಇಲ್ಲ. ಒಳಗೆ ಚಾಕೊಲೇಟ್ ಇಟ್ಟ ಆ ಪದರ ಪದರದ ತಿಂಡಿಗೆ ಫ್ರಾನ್ಸಿನ ಬಹುಪಾಲು ಕಡೆ 'ಪ್ಯಾಂ ಒ ಶೊಕೊಲಾ' ಅಂತ ಹೆಸರು. ನೈರುತ್ಯದಲ್ಲಿ, ತುಲೂಸ್ ಸೇರಿ, ಅದು ಶೊಕೊಲಾತೀನ್. ಪ್ಯಾರಿಸ್ ಹೆಸರು ಹೇಳಿದರೆ ಅಂಗಡಿಯವನು ಕೇಳಿಸದ ಹಾಗೆ ನಿಲ್ಲುತ್ತಾನೆ. 2018ರಲ್ಲಿ ಕೆಲವು ಸಂಸದರು ಈ ಹೆಸರಿಗೆ ಕಾನೂನಿನಲ್ಲೇ ಜಾಗ ಕೊಡಬೇಕು ಅಂತ ತಿದ್ದುಪಡಿ ತಂದಿದ್ದರು, ಬಿದ್ದುಹೋಯಿತು. ತುಲೂಸ್‌ನ ಗೆಳೆಯರೊಬ್ಬರಿಗೆ ಪುಸ್ತಕದ ಕೆಲವು ಪುಟ ಅನುವಾದಿಸಿ ಓದಿದ್ದೆ. ಫ್ರೆಂಚರ ಬಗ್ಗೆ ನಾನು ಬರೆದದ್ದಕ್ಕೆಲ್ಲ ನಕ್ಕರು. ಒಂದೇ ಒಂದು ಕಡೆ ಕೈತಪ್ಪಿ ಪ್ಯಾಂ ಒ ಶೊಕೊಲಾ ಅಂತ ಬರೆದಿದ್ದೆ. ಅಲ್ಲಿ ಮುಖ ಗಂಟಿಕ್ಕಿದರು.

ಆಗಸ್ಟಲ್ಲಿ ಇಡೀ ಊರು ಬಾಗಿಲು ಹಾಕುತ್ತೆ ಅನ್ನೋದು ಉತ್ಪ್ರೇಕ್ಷೆ ಅಲ್ವಾ?

ಸ್ವಲ್ಪ. ಆದರೆ ನಿಮ್ಮ ಬೀದಿಯ ಬೇಕರಿ, ನಿಮ್ಮ ಡಾಕ್ಟರು, ನಿಮ್ಮ ಫೈಲು ಹಿಡಿದಿರುವ ಗುಮಾಸ್ತ, ಮೂವರೂ ಒಂದೇ ಸಲ ಹೋದರೆ ಊರೇ ಮುಚ್ಚಿದ ಹಾಗೆ. 1936ರಲ್ಲಿ ಎರಡು ವಾರ ಸಂಬಳ ಸಹಿತ ರಜೆ ಅಂತ ಶುರುವಾದದ್ದು 1982ರಿಂದ ಐದು ವಾರ.

## ಮದುವೆ ಮತ್ತು ಕಾಗದ

ಮದುವೆಗೆ ಮುಂಚೆ ಪಾಕ್ಸ್ ಅಂತ ಏನೋ ಮಾಡ್ಕೋತಾರಲ್ಲ, ನಿಶ್ಚಿತಾರ್ಥನಾ ಅದು?

ಹರೀಶನ ಅಮ್ಮ ಕೇಳಿದ್ದೂ ಇದನ್ನೇ. ಅವರ ಫೋನ್ ಮಾತು ಪುಸ್ತಕದಲ್ಲಿ ಹೀಗಿದೆ:

'ಮದುವೆನಾ?'
'ಅಲ್ಲಮ್ಮ.'
'ನಿಶ್ಚಿತಾರ್ಥನಾ?'
'ಅದೂ ಅಲ್ಲ. ಸಹಿ ಹಾಕ್ತೀವಿ. ಸರ್ಕಾರ ಒಪ್ಪುತ್ತೆ.'
'ಹಂಗಾದ್ರೆ ಬಾಡಿಗೆ ಕರಾರು ಅನ್ನು.'

ಅಮ್ಮನ ವ್ಯಾಖ್ಯಾನ ತೀರಾ ತಪ್ಪೇನಲ್ಲ. 1999ರಲ್ಲಿ ಬಂದ ಕಾನೂನು ಅದು. ಇಬ್ಬರು ಕೂಡಿ ಬಾಳುತ್ತೇವೆ ಅಂತ ಮಾಡಿಕೊಳ್ಳುವ ಒಪ್ಪಂದ. ಗಂಡು-ಗಂಡು, ಹೆಣ್ಣು-ಹೆಣ್ಣು ಜೋಡಿಗಳಿಗೆ ಮದುವೆಯ ಹಕ್ಕು ಇಲ್ಲದ ಕಾಲದಲ್ಲಿ ಅವರಿಗೂ ಸಿಗಲಿ ಅಂತ ತಂದದ್ದು. ಆಮೇಲೆ ಗಂಡು-ಹೆಣ್ಣು ಜೋಡಿಗಳೇ ಜಾಸ್ತಿ ಬಳಸತೊಡಗಿದರು. ತೆರಿಗೆ ಒಟ್ಟಿಗೆ ಕಟ್ಟಬಹುದು. ಮುರಿಯಲು ಕೋರ್ಟಿಗೆ ಅಲೆಯಬೇಕಾಗಿಲ್ಲ. ಒಬ್ಬರೇ ನೋಟಿಸು ಕಳಿಸಿ ಮುಗಿಸಬಹುದು ಅಂತ ಗೊತ್ತಾದಾಗ ಅಮ್ಮ ಫೋನು ಅಪ್ಪನ ಕೈಗೆ ಕೊಟ್ಟುಬಿಡುತ್ತಾರೆ.

ಜನನ ಪ್ರಮಾಣಪತ್ರದ ಅಧ್ಯಾಯ ನಂಬೋ ಹಾಗಿಲ್ಲ. ಮೂವತ್ಮೂರು ವರ್ಷದವನಿಗೆ ಆರು ತಿಂಗಳ ಒಳಗಿನ ಪತ್ರ ಯಾಕೆ?

ನಂಬಿ. ಅದರ ಹಿಂದೆ ಒಂದು ತರ್ಕವೂ ಇದೆ. ಫ್ರಾನ್ಸಿನಲ್ಲಿ ನಿಮ್ಮ ಜನನ ದಾಖಲೆ ಒಂದು ಸಲ ಬರೆದು ಮುಚ್ಚಿಡುವ ಪುಟ ಅಲ್ಲ. ಮದುವೆಯಾದರೆ ಅದರ ಅಂಚಿನಲ್ಲಿ ಬರೆಯುತ್ತಾರೆ. ವಿಚ್ಛೇದನ ಆದರೆ ಅದನ್ನೂ ಬರೆಯುತ್ತಾರೆ. ಸತ್ತ ಮೇಲೆ ಅದನ್ನೂ. ಹಾಗಾಗಿ ಹೊಸದಾಗಿ ತೆಗೆದ ನಕಲು ನೋಡಿದರೆ ಈ ಮನುಷ್ಯನಿಗೆ ಈಗ ಹೆಂಡತಿ ಇದ್ದಾಳೋ ಇಲ್ಲವೋ ಗೊತ್ತಾಗುತ್ತದೆ. ಅಲ್ಲಿಯ ಪತ್ರಕ್ಕೆ ಮೂರು ತಿಂಗಳ ಗಡುವು, ಹೊರದೇಶದ್ದಕ್ಕೆ ಆರು.

ನಮ್ಮ ಜನನ ಪತ್ರ ಹಾಗಲ್ಲ. ಪುರಸಭೆಯಲ್ಲಿ 33 ವರ್ಷದ ಹಿಂದೆ ಬರೆದದ್ದು ಇವತ್ತಿಗೂ ಅದೇ. ಮೂರು ಮದುವೆಯಾದರೂ ಅದಕ್ಕೆ ತಿಳಿಯದು. ಇಂಥ ದೇಶಗಳ ಪತ್ರಕ್ಕೆ ಈ ಗಡುವು ಬೇಡ ಅಂತ ಅವರ ಕಾನೂನಿನಲ್ಲೇ ವಿನಾಯಿತಿ ಇದೆ. ಆದರೆ ಕೌಂಟರಿನಲ್ಲಿ ಕೂತವರಿಗೆ ಕಾನೂನು ಓದಿ ಹೇಳುವುದಕ್ಕಿಂತ ಹೊಸ ಪತ್ರ ತರಿಸುವುದೇ ಸಲೀಸು. ಹರೀಶನ ಅಪ್ಪ ಹೊಳೆನರಸೀಪುರದಲ್ಲಿ ಕ್ಯೂ ನಿಲ್ಲುತ್ತಾರೆ, ಪತ್ರ ಅಸಲಿ ಅಂತ ಹೊರದೇಶದವರು ಒಪ್ಪಲು ಬೇಕಾದ ಅಪೊಸ್ಟಿಲ್ ಮುದ್ರೆ ಹಾಕಿಸುತ್ತಾರೆ, ಕೊರಿಯರ್ ಮಾಡುತ್ತಾರೆ. ಅದನ್ನು ಪ್ರಮಾಣಿತ ಅನುವಾದಕರು ಫ್ರೆಂಚಿಗೆ ತರಬೇಕು. ಅಷ್ಟರಲ್ಲಿ ಆಗಸ್ಟ್ ಬರುತ್ತದೆ.

ಪುರೋಹಿತರಿಲ್ಲದ ಆ ಮದುವೆ ಹೀಗೇ ನಡೆಯುತ್ತಾ?

ಹೆಚ್ಚು ಕಡಿಮೆ. ಕಾನೂನು ಒಪ್ಪುವುದು ಮೇರಿಯಲ್ಲಿ, ಅಂದರೆ ಪುರಸಭೆಯಲ್ಲಿ, ಆದ ಮದುವೆಯನ್ನು ಮಾತ್ರ. ಚರ್ಚು ಬೇಕಿದ್ದರೆ ಆಮೇಲೆ. ತುಲೂಸ್‌ನ ಮೇರಿ ಇರುವುದು ಕಪಿತೋಲ್ ಎಂಬ ಭವ್ಯ ಇಟ್ಟಿಗೆ ಕಟ್ಟಡದಲ್ಲಿ. ಮೂರು ಬಣ್ಣದ ಪಟ್ಟಿ ಹಾಕಿಕೊಂಡ ಮೇಯರ್ ಅಥವಾ ಅವರ ಪರವಾಗಿ ಬಂದವರು ಸಿವಿಲ್ ಕಾನೂನಿನ ಕಲಮುಗಳನ್ನು ಓದುತ್ತಾರೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಗೌರವ, ನಿಷ್ಠೆ, ಸಹಾಯ, ಆಸರೆ ಕೊಡಬೇಕು ಅನ್ನುವುದು 212ನೇ ಕಲಮು. ಯಾರಾದರೂ ತಕರಾರು ಮಾಡುವುದಿದ್ದರೆ ಮಾಡಲಿ ಅಂತ ಬಾಗಿಲು ತೆರೆದೇ ಇರಬೇಕು. ಹರೀಶನ ದೊಡ್ಡಪ್ಪ ವಿಡಿಯೊ ಕಾಲಿನಲ್ಲಿ 'ಮಂತ್ರ ಅರ್ಥ ಆಗ್ತಿದೆಯೇನೋ?' ಅಂತ ಕೇಳುತ್ತಾರೆ. ಇವನು ಹೌದು ಅನ್ನುತ್ತಾನೆ. 'ಹಂಗಾದ್ರೆ ಎಂಥಾ ಮಂತ್ರ ಅದು!'

ರಾಹುಕಾಲದ ವಿಷಯ ನಾನು ಸೇರಿಸಿದ್ದು. ಶನಿವಾರ ಬೆಳಿಗ್ಗೆ 9ರಿಂದ 10.30 ರಾಹುಕಾಲ. ಮೇರಿಯವರು ಕೊಟ್ಟದ್ದು 9.40. ಬದಲಾಯಿಸಿ ಅಂತ ಕೇಳಲು ಏನು ಕಾರಣ ಕೊಡುವುದು? ಕಮೀಯ್ ಫಾರ್ಮಿನಲ್ಲಿ 'ಕುಟುಂಬದ ಕಾರಣ' ಅಂತ ಬರೆಯುತ್ತಾಳೆ. ಗುಮಾಸ್ತೆ ಓದಿ, 'ಅತ್ತೆನಾ?' ಅಂತ ಕೇಳಿ, 11.20 ಕೊಡುತ್ತಾಳೆ.

## ಬರೆಯುವವರು ಕೇಳುವುದು

ಫ್ರೆಂಚಿನ ಎರಡು ಥರದ 'ಯೂ' ಕನ್ನಡಕ್ಕೆ ಹೇಗೆ ತಂದಿರಿ?

ತರಬೇಕಾಗಿಯೇ ಇರಲಿಲ್ಲ. ನಮ್ಮಲ್ಲಿ ನೀನು, ನೀವು ಇದೆ. ಅವರಲ್ಲಿ ತ್ಯು, ವು. ಇಂಗ್ಲಿಷಿನಲ್ಲಿ ಬರೆಯುವವರು ಇದನ್ನು ಪುಟಗಟ್ಟಲೆ ವಿವರಿಸಬೇಕು. ನನಗೆ ಒಂದು ಪ್ರತ್ಯಯ ಸಾಕಾಯಿತು. ಕಷ್ಟ ಬಂದದ್ದು ಬೇರೆ ಕಡೆ. ಎರಡೂ ಭಾಷೆಯ ಗೆರೆ ಒಂದೇ ಕಡೆ ಇಲ್ಲ. ಅಲ್ಲಿ ಆಫೀಸಿನಲ್ಲಿ ಮ್ಯಾನೇಜರಿಗೂ 'ತ್ಯು' ನಡೆಯುವುದುಂಟು, ಅದನ್ನು ಕನ್ನಡದಲ್ಲಿ 'ನೀನು' ಮಾಡಿದರೆ ಜಗಳವಾಡಿದ ಹಾಗೆ ಕಾಣುತ್ತದೆ. ಹರೀಶನ ಅಮ್ಮ ಗಂಡನಿಗೆ ನೀವು ಅನ್ನುತ್ತಾರೆ, ಅದು ಕಮೀಯ್‌ಗೆ ರಾಜರ ಕಾಲದ ನಾಟಕದಂತೆ ಕೇಳುತ್ತದೆ. ಒಂದು ಕಡೆ ಮಾತ್ರ ಎರಡೂ ಸರಿಯಾಗಿ ಕೂಡುತ್ತವೆ. ದೇವರಿಗೆ ಅವರೂ ಏಕವಚನ, ನಾವೂ ಏಕವಚನ. ದಾಸರು ವಿಠಲನನ್ನು 'ನೀನು' ಅಂತಲೇ ಕರೆದದ್ದು. ಅಳಿಯನನ್ನು ಮಾತ್ರ ಮೊನೀಕ್ ಐದು ವರ್ಷ 'ವು' ಅನ್ನುತ್ತಾಳೆ.

ಹರೀಶನ ಉಚ್ಚಾರ ಕೇಳಿ 'ನಮ್ಮ ದಕ್ಷಿಣದವನೇ' ಅಂತಾರಲ್ಲ, ಅದು ಸಾಧ್ಯಾನಾ?

ಈ ಜೋಕಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇದೆ. ಪ್ಯಾರಿಸ್ಸಿನವರು ಪದದ ಕೊನೆಯ ಸ್ವರ ನುಂಗುತ್ತಾರೆ. ತುಲೂಸ್ ಕಡೆಯವರು ಬಿಡಿಸಿ ಹೇಳುತ್ತಾರೆ, ತುಲೂಸ್ ಅನ್ನುವುದಕ್ಕೂ ಕೊನೆಯಲ್ಲಿ ಒಂದು ಅಕಾರದ ಎಳೆತ. 'ಪ್ಯಾಂ' ಅವರಿಗೆ 'ಪೆಂಗ್'. ನಾವು ಬಸ್ಸು, ಕಾರು, ರೋಡು, ಬ್ರೆಡ್ಡು ಅನ್ನುವವರು. ಬಾಯಿ ಮುಚ್ಚಿ ಪದ ಮುಗಿಸಿ ಅಭ್ಯಾಸವಿಲ್ಲ. ಹರೀಶ ಸಿಕ್ಕ ಪದಕ್ಕೆಲ್ಲ ಬಾಲ ಸೇರಿಸುತ್ತಾನೆ. ಪ್ಯಾರಿಸ್ಸಿನಿಂದ ಬಂದ ಅಧಿಕಾರಿಗೆ ಇದು ಅಪ್ಪಟ ತುಲೂಸ್ ಮಾತಿನಂತೆ ಕೇಳುತ್ತದೆ.

ಪರದೇಶಿಯೊಬ್ಬ ಫ್ರೆಂಚರನ್ನು ನೋಡಿ ನಗೋ ಪುಸ್ತಕ ಸಾಕಷ್ಟಿವೆ. ಇದರಲ್ಲೇನು ಹೊಸದು?

ಸಾಕಷ್ಟಲ್ಲ, ಮುನ್ನೂರು ವರ್ಷದಷ್ಟಿವೆ. 1721ರಲ್ಲೇ ಮೊಂತೆಸ್ಕ್ಯೂ ಇಬ್ಬರು ಪರ್ಷಿಯನ್ನರನ್ನು ಪ್ಯಾರಿಸ್ಸಿಗೆ ಕಳಿಸಿ, ಅವರು ಊರಿಗೆ ಬರೆದ ಪತ್ರಗಳು ಅಂತ ಪುಸ್ತಕ ಮಾಡಿದ. ಬರೆದವನು ಫ್ರೆಂಚನೇ. ತನ್ನ ಜನರನ್ನು ನೋಡಿ ನಗಲು ಅವನಿಗೆ ಬೇರೆಯವರ ಕಣ್ಣು ಬೇಕಿತ್ತು. ಈಚೆಗೆ ಈ ಕೆಲಸವನ್ನು ಹೆಚ್ಚಾಗಿ ಇಂಗ್ಲಿಷರು, ಅಮೆರಿಕನ್ನರು ಮಾಡುತ್ತಾರೆ. ಅವರ ಕತೆಗಳಲ್ಲಿ ನಾಯಕನಿಗೆ ಎಲ್ಲವೂ ವಿಚಿತ್ರ: ಅತ್ತೆಯ ಅಧಿಕಾರ, ನಾಲ್ಕು ಗಂಟೆಯ ಊಟ, ಕಾಗದ ಕೇಳುವ ಗುಮಾಸ್ತ. ನಮ್ಮವನಿಗೆ ಇದ್ಯಾವುದೂ ವಿಚಿತ್ರ ಅಲ್ಲ. ಎಲ್ಲ ನೋಡಿದ್ದೇ, ಬೇರೆ ಬಟ್ಟೆ ಹಾಕಿಕೊಂಡಿದೆ ಅಷ್ಟೇ. ನನಗೆ ನಗು ಸಿಕ್ಕಿದ್ದು ಅಲ್ಲಿ. ಹೊಸ ದೇಶಕ್ಕೆ ಓಡಿಹೋದೆ ಅಂದುಕೊಂಡವನಿಗೆ ಬಾಗಿಲು ತೆಗೆದರೆ ಸೋದರತ್ತೆಯೇ ಎದುರಿಗೆ ನಿಂತಿದ್ದಳು.

ಬರೆದು ತೆಗೆದುಹಾಕಿದ ಜೋಕು ಇದೆಯಾ?

ಜಾಮಿನಲ್ಲಿ ಪ್ರಿಸರ್ವೇಟಿವ್ ಇದೆಯಾ ಅಂತ ಅತ್ತೆಯನ್ನು ಕೇಳುವುದು. ಫ್ರೆಂಚಿನಲ್ಲಿ ಆ ಪದಕ್ಕೆ ಕಾಂಡೋಮ್ ಅಂತ ಅರ್ಥ. ಫ್ರೆಂಚ್ ಕ್ಲಾಸಿನ ಮೊದಲ ತಿಂಗಳಲ್ಲೇ ಎಲ್ಲರಿಗೂ ಯಾರಾದರೂ ಇದನ್ನು ಹೇಳಿರುತ್ತಾರೆ. ಚೆನ್ನಾಗಿದೆ, ಆದರೆ ಸವೆದಿದೆ. ಬರೆದು, ನಕ್ಕು, ಮರುದಿನ ಹೊಡೆದುಹಾಕಿದೆ. ಮುಷ್ಕರದ ಬಗ್ಗೆ ಇದ್ದ ಇಪ್ಪತ್ತು ಪುಟವನ್ನೂ ತೆಗೆದೆ, ಅದರಲ್ಲಿ ಹರೀಶ ಬರೀ ಬಸ್ಸಿಗೆ ಕಾಯುತ್ತಿದ್ದ.

ಕೊನೇ ಪುಟ ಅರ್ಥ ಆಗಲಿಲ್ಲ. ಫೋನ್ ಇಟ್ಟ ಮೇಲೆ ಹರೀಶ ಯಾಕೆ ಮೆಟ್ಟಿಲ ಮೇಲೆ ಕೂತುಬಿಡ್ತಾನೆ?

ಫೋನು ಮಾಡಿದ್ದು ಮೊನೀಕ್. ಕಮೀಯ್ ಊರಲ್ಲಿಲ್ಲ, ಶಾಲೆಯ ಮಕ್ಕಳನ್ನು ಕರೆದುಕೊಂಡು ಪಿರೆನೀಸ್ ಬೆಟ್ಟಕ್ಕೆ ಹೋಗಿದ್ದಾಳೆ. ಕೆಲಸದ ವಿಷಯ ಏನೂ ಇರುವುದಿಲ್ಲ. ಮೊನೀಕ್ ಸ್ವಲ್ಪ ಕೆಮ್ಮಿ, 'ತ್ಯು ಆ ಮೊಂಜೆ?' ಅನ್ನುತ್ತಾಳೆ. ಆ ಸಾಲನ್ನು ನಾನು ಪುಸ್ತಕದಲ್ಲಿ ಅನುವಾದ ಮಾಡದೆ ಬಿಟ್ಟಿದ್ದೆ. ಓದುಗರು ಅಷ್ಟರಲ್ಲಿ ಕಲಿತಿರುತ್ತಾರೆ ಅನ್ನುವ ನಂಬಿಕೆ ಸ್ವಲ್ಪ ಜಾಸ್ತಿಯಾಯಿತು ಅಂತ ಕಾಣುತ್ತದೆ. ಈಗ ಹೇಳಿಬಿಡುತ್ತೇನೆ. 'ಊಟ ಆಯ್ತೇನೋ?' ಅಂತ. 'ನೀವು' ಹಾಕದೆ.

ಅವನು ತಿಂದಿರಲಿಲ್ಲ. ಆಯ್ತು ಅಂದ.